ಅಪ್ಪಣೆ ಯಾರದ್ದು?

ವರ್ಡ್‌ಪ್ರೆಸ್ ಮೇಲೆ ನಡೆಯುವ ಒಂದು ಜಾಲತಾಣವನ್ನು ತೆಗೆದುಕೊಳ್ಳಿ. ಸರ್ವರಿನೊಳಗೆ ಹೊಕ್ಕು, ಆ ತಾಣದ ಫೋಲ್ಡರುಗಳನ್ನೆಲ್ಲ ಜಾಲಾಡಿ, ನಿನ್ನೆ ಪ್ರಕಟವಾದ ಲೇಖನವನ್ನು ಹುಡುಕಿ ನೋಡಿ. ಸಾವಿರಾರು ಫೈಲುಗಳು ಸಿಗುತ್ತವೆ, ಲೇಖನ ಸಿಗುವುದಿಲ್ಲ. ಅದರ ಒಂದು ಸಾಲು ಕೂಡ ಯಾವ ಫೈಲಿನಲ್ಲೂ ಇಲ್ಲ. ಆದರೂ ಬ್ರೌಸರಿನಲ್ಲಿ ವಿಳಾಸ ಬರೆದು ಒತ್ತಿದರೆ ತಲೆಬರಹ, ಚಿತ್ರ, ಲೇಖಕರ ಹೆಸರು ಸಮೇತ ಪುಟ ಎದುರಿಗೆ ಬಂದು ನಿಲ್ಲುತ್ತದೆ.

ವೆಬ್ ಹುಟ್ಟಿದಾಗ ಹೀಗಿರಲಿಲ್ಲ. 1990ರ ಸುಮಾರಿಗೆ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಮೊದಲ ವೆಬ್ ಸರ್ವರನ್ನು ನಡೆಸಿದಾಗ ಪುಟ ಎಂದರೆ ಫೈಲು, ಅಷ್ಟೇ. ಕೇಳಿದವರಿಗೆ ಅದನ್ನು ಇದ್ದಂತೆಯೇ ಕಳಿಸುವುದು ಸರ್ವರಿನ ಕೆಲಸ. ನೂರು ಪುಟಗಳಿರುವ ತಾಣದಲ್ಲಿ ಒಂದು ಫೋನ್ ನಂಬರು ಬದಲಾದರೆ ನೂರು ಫೈಲು ತೆರೆದು ತಿದ್ದಬೇಕು. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಿಎಂಎಸ್, ಹುಟ್ಟಿದ್ದು ಈ ಕಾಟ ತಾಳಲಾರದೆ. ಅದು ಬರಹವನ್ನು ಡೇಟಾಬೇಸಿನಲ್ಲಿ ಇಡುತ್ತದೆ, ಬರಹಕ್ಕೆ ತೊಡಿಸುವ ಉಡುಪನ್ನು ಬೇರೆ ಫೈಲುಗಳಲ್ಲಿ ಇಡುತ್ತದೆ. ಓದುಗ ಬಂದು ಕೇಳಿದ ಮೇಲೆಯೇ ಎರಡನ್ನೂ ಕೂಡಿಸಿ ಪುಟ ಮಾಡುತ್ತದೆ. ಗಿರಾಕಿ ಬಂದು ಹೇಳಿದ ಮೇಲೆ ಕಾವಲಿಗೆ ಹಿಟ್ಟು ಹುಯ್ಯುವ ದೋಸೆ ಹೋಟೆಲಿನ ಲೆಕ್ಕ. ಕೇಳುವವರಿಲ್ಲದಾಗ ಪುಟವೂ ಇಲ್ಲ.

ಇಂಥದೊಂದು ವ್ಯವಸ್ಥೆಯನ್ನು ಲಿನಕ್ಸ್ ಸರ್ವರಿನ ಮೇಲೆ ಇನ್‌ಸ್ಟಾಲ್ ಮಾಡುವುದು ಫೋನಿಗೆ ಆಪ್ ಹಾಕಿಕೊಂಡಷ್ಟು ಸಲೀಸಲ್ಲ. ಫೈಲುಗಳನ್ನು ನಕಲು ಮಾಡುವುದು ಅದರಲ್ಲಿ ತೀರ ಸಣ್ಣ ಭಾಗ. ಒಂದೇ ಯಂತ್ರದಲ್ಲಿರುವ, ಪರಸ್ಪರ ಗುರುತಿಲ್ಲದ ನಾಲ್ಕು ತಂತ್ರಾಂಶಗಳ ನಡುವೆ ಯಾರು ಏನನ್ನು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ಗೊತ್ತುಮಾಡುವುದೇ ನಿಜವಾದ ಕೆಲಸ. ಹೊಸಬರನ್ನು ಕಂಗೆಡಿಸುವ ಎರರ್ ಸಂದೇಶಗಳಲ್ಲಿ ಹೆಚ್ಚಿನವು ‘ಕೆಟ್ಟಿದೆ’ ಎಂದು ಹೇಳುತ್ತಿರುವುದಿಲ್ಲ, ‘ಬೇಡ’ ಎಂದು ಹೇಳುತ್ತಿರುತ್ತವೆ. ಬೇಡವೆಂದವರು ಯಾರೆಂದು ಪತ್ತೆಯಾದರೆ ಮುಕ್ಕಾಲು ಕೆಲಸ ಆದಂತೆ.

ಆ ನಾಲ್ವರ ಪರಿಚಯ ಬೇಗ ಮುಗಿಸೋಣ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಕರ್ನೆಲ್ ಮೊದಲನೆಯದು. 1995ರ ಅಪಾಚೆ ವೆಬ್ ಸರ್ವರ್ ಎರಡನೆಯದು. ಅದೇ 1995ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಮೈಎಸ್‌ಕ್ಯುಎಲ್ ಡೇಟಾಬೇಸ್ ಮೂರನೆಯದು. ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ತನ್ನ ರೆಸ್ಯೂಮೆಯನ್ನು ಯಾರು ಯಾರು ನೋಡಿದರೆಂದು ತಿಳಿಯಲು ಬರೆದುಕೊಂಡ ಪುಟ್ಟ ಪ್ರೋಗ್ರಾಮುಗಳಿಂದ ಬೆಳೆದ ಪಿಎಚ್‌ಪಿ ನಾಲ್ಕನೆಯದು. ಒಂದನ್ನು ಬರೆಯುವಾಗ ಇನ್ನೊಂದು ಯಾರ ಮನಸ್ಸಿನಲ್ಲೂ ಇರಲಿಲ್ಲ. ನಾಲ್ಕನ್ನೂ ಒಟ್ಟಿಗೆ ‘ಲ್ಯಾಂಪ್’ ಎಂದು ಕರೆದವನು ಮೈಕೆಲ್ ಕುಂಝೆ, 1998ರಲ್ಲಿ, ಒಂದು ಜರ್ಮನ್ ಕಂಪ್ಯೂಟರ್ ಪತ್ರಿಕೆಯ ಲೇಖನದಲ್ಲಿ. ಮೈಎಸ್‌ಕ್ಯುಎಲ್ ಮೊದಲು ಸನ್ ಕಂಪನಿಯ, ಆಮೇಲೆ 2010ರಲ್ಲಿ ಒರಾಕಲ್‌ನ ಪಾಲಾಯಿತು. ಆ ಹೊತ್ತಿಗಾಗಲೇ ಅದರ ಮೂಲಕರ್ತೃ ಮಾಂಟಿ ವಿಡೇನಿಯಸ್ ಅದೇ ಕೋಡಿನಿಂದ ಮರಿಯಾಡಿಬಿ ಎಂಬ ಕವಲು ತೆಗೆದಿದ್ದ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸರ್ವರುಗಳಲ್ಲಿ ಇಂದು ಸಿಗುವುದು ಅದೇ.

ಕನ್ನಡ ವಿಕಿಪೀಡಿಯವನ್ನು ಹೊತ್ತಿರುವ ಮೀಡಿಯಾವಿಕಿ ಈ ಗುಂಪಿನ ಮೇಲೆ ನಿಂತದ್ದು. ‘ಸಂಪದ’ ತಾಣ ಬಳಸಿದ ಡ್ರುಪಾಲ್ ಕೂಡ ಪಿಎಚ್‌ಪಿಯದೇ ಸಂತಾನ. ಮಿಶೆಲ್ ವಾಲ್ಡ್ರಿಗಿ ಬರೆದು ಕೈಬಿಟ್ಟಿದ್ದ ಬಿ2 ಎಂಬ ತಂತ್ರಾಂಶವನ್ನು ಎತ್ತಿಕೊಂಡು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ 2003ರ ಮೇ 27ರಂದು ಬಿಡುಗಡೆ ಮಾಡಿದ ವರ್ಡ್‌ಪ್ರೆಸ್ಸನ್ನೇ ಈ ಅಧ್ಯಾಯದಲ್ಲಿ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ‘ಐದೇ ನಿಮಿಷದ ಇನ್‌ಸ್ಟಾಲ್’ ಎಂಬ ಹೆಮ್ಮೆ ಅದಕ್ಕೆ ಮೊದಲಿನಿಂದಲೂ ಇದೆ. ಆ ಐದು ನಿಮಿಷಕ್ಕೆ ಮುಂಚೆ ನಡೆಯಬೇಕಾದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡೆಬಿಯನ್ ಅಥವಾ ಉಬುಂಟು ಸರ್ವರಿನಲ್ಲಿ ಆಪ್ಟ್ ಎಂಬ ಕಮಾಂಡಿಗೆ ನಾಲ್ಕು ಹೆಸರು ಕೊಟ್ಟು ಎಂಟರ್ ಒತ್ತಿದರೆ ಅಪಾಚೆ, ಮರಿಯಾಡಿಬಿ, ಪಿಎಚ್‌ಪಿ, ಮತ್ತು ಪಿಎಚ್‌ಪಿಗೆ ಡೇಟಾಬೇಸಿನ ಭಾಷೆ ಕಲಿಸುವ ಒಂದು ತುಣುಕು, ಇಷ್ಟೂ ಬಂದು ಕೂರುತ್ತವೆ. ಪರದೆಯ ಮೇಲೆ ಸಾಲು ಸಾಲಾಗಿ ಅಕ್ಷರ ಓಡುತ್ತಿರುವಾಗ ಗಮನಿಸದೆ ಬಿಡುವ ಸಂಗತಿಯೊಂದಿದೆ. ಡೇಟಾಬೇಸಿಗಾಗಿ ‘ಮೈಎಸ್‌ಕ್ಯುಎಲ್’ ಎಂಬ ಹೆಸರಿನ ಬಳಕೆದಾರನೊಬ್ಬ ಯಂತ್ರದಲ್ಲಿ ಸೃಷ್ಟಿಯಾಗುತ್ತಾನೆ. ವೆಬ್ ಸರ್ವರಿಗಾಗಿ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಇನ್ನೊಬ್ಬ ಮೊದಲೇ ಇರುತ್ತಾನೆ. ಇವರು ಮನುಷ್ಯರಲ್ಲ. ಲಾಗಿನ್ ಆಗಲು ಇವರಿಗೆ ಪಾಸ್‌ವರ್ಡೂ ಇಲ್ಲ, ಶೆಲ್ಲೂ ಇಲ್ಲ. ಆದರೆ ಕರ್ನೆಲ್ಲಿನ ಕಣ್ಣಿಗೆ ನೀವೂ ಒಬ್ಬ ಬಳಕೆದಾರ, ಅವರೂ ಒಬ್ಬೊಬ್ಬ ಬಳಕೆದಾರ. ಎಲ್ಲರಿಗೂ ಒಂದೇ ಕಾನೂನು.

ವೆಬ್ಬಿನ ಬಾಗಿಲು 80 ಮತ್ತು 443ನೇ ಪೋರ್ಟುಗಳು. 1024ಕ್ಕಿಂತ ಕೆಳಗಿನ ಪೋರ್ಟನ್ನು ತೆರೆಯುವ ಹಕ್ಕು ರೂಟ್‌ಗೆ, ಅಂದರೆ ಯಂತ್ರದ ಸರ್ವಾಧಿಕಾರಿಗೆ ಮಾತ್ರ ಎಂಬುದು ಯುನಿಕ್ಸ್ ಕಾಲದಿಂದ ಬಂದ ಕಟ್ಟಳೆ. ಹಾಗಾಗಿ ಅಪಾಚೆ ರೂಟ್ ಆಗಿಯೇ ಏಳುತ್ತದೆ, ಪೋರ್ಟ್ ಹಿಡಿಯುತ್ತದೆ. ಮರುಕ್ಷಣ ತನ್ನ ಮರಿ ಪ್ರೋಸೆಸ್ಸುಗಳನ್ನು ಹುಟ್ಟಿಸಿ ಅವುಗಳಿಂದ ಆ ಅಧಿಕಾರವನ್ನೆಲ್ಲ ಕಿತ್ತು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಆಗಿಸುತ್ತದೆ. ಲೋಕದ ಯಾವ ಮೂಲೆಯಿಂದಲೋ ಬರುವ ಅಪರಿಚಿತನ ಮಾತಿಗೆ ಕಿವಿಗೊಡುವುದು ಈ ಬಡಪಾಯಿ ಮರಿಗಳೇ. ಮೋಸ ಹೋದರೂ ಅವು ಕಳೆದುಕೊಳ್ಳುವುದು ಅಲ್ಪ. ಈ ಪುಸ್ತಕದಲ್ಲಿ ಬರುವ ಎಂಜಿನಿಯರಿಂಗ್ ಜಾಣತನಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು: ಬಲ ಬೇಕಾದ ಒಂದು ಕ್ಷಣ ಬಲ ಇರಲಿ, ಆಮೇಲೆ ಬೇಡ.

ಡೇಟಾಬೇಸಿನದು ಇನ್ನೊಂದೇ ಸಾಮ್ರಾಜ್ಯ. ಅದರೊಳಗಿನ ಬಳಕೆದಾರರ ಪಟ್ಟಿ ಬೇರೆ, ಅಪ್ಪಣೆಗಳ ಪಟ್ಟಿ ಬೇರೆ. ವರ್ಡ್‌ಪ್ರೆಸ್ಸಿಗಾಗಿ ಒಂದು ಖಾಲಿ ಡೇಟಾಬೇಸ್ ಮಾಡಿ, ಒಬ್ಬ ಬಳಕೆದಾರನನ್ನು ಹುಟ್ಟಿಸಿ, ‘ಇವನು ಈ ಡೇಟಾಬೇಸಿನಲ್ಲಿ ಏನು ಬೇಕಾದರೂ ಮಾಡಲಿ, ಬೇರೆಡೆ ಇಣುಕದಿರಲಿ’ ಎಂದು ಬರೆದುಕೊಡಬೇಕು. ಈ ನಾಲ್ಕು ವಿವರಗಳು, ಅಂದರೆ ಡೇಟಾಬೇಸಿನ ಹೆಸರು, ಬಳಕೆದಾರ, ಪಾಸ್‌ವರ್ಡ್, ಯಂತ್ರದ ವಿಳಾಸ, ವರ್ಡ್‌ಪ್ರೆಸ್ಸಿನ ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಬಿಡಿಬಿಡಿಯಾಗಿ, ಯಾವ ಗುಪ್ತಲಿಪಿಯೂ ಇಲ್ಲದೆ ಕೂತಿರುತ್ತವೆ. ಆದ್ದರಿಂದಲೇ ಅಲ್ಲಿ ಡೇಟಾಬೇಸಿನ ರೂಟ್ ಪಾಸ್‌ವರ್ಡನ್ನು ಬರೆಯಬಾರದು.

ವಿಳಾಸದ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆಯುವುದಕ್ಕೂ ‘127.0.0.1’ ಎಂದು ಬರೆಯುವುದಕ್ಕೂ ವ್ಯತ್ಯಾಸವಿಲ್ಲವೆಂದೇ ಎಲ್ಲರೂ ತಿಳಿಯುತ್ತಾರೆ. ಇದೆ. ಮೊದಲನೆಯದನ್ನು ಕಂಡರೆ ಪಿಎಚ್‌ಪಿ ನೆಟ್‌ವರ್ಕಿನ ಹಾದಿಯನ್ನೇ ತುಳಿಯದೆ ಸಾಕೆಟ್ ಎಂಬ ವಿಶೇಷ ಫೈಲಿನ ಮೂಲಕ ಡೇಟಾಬೇಸನ್ನು ಮಾತಾಡಿಸುತ್ತದೆ. ಎರಡನೆಯದಕ್ಕೆ ನೆಟ್‌ವರ್ಕ್ ಹಾದಿಯೇ ಗತಿ. ಡೇಟಾಬೇಸ್ ನಿಂತುಹೋಗಿದ್ದಾಗ ಮೊದಲ ಹಾದಿಯಲ್ಲಿ ‘ಅಂಥ ಫೈಲೇ ಇಲ್ಲ’ ಎಂಬ ಉತ್ತರ ಬರುವುದು ಇದರಿಂದ. ಪಾಸ್‌ವರ್ಡ್ ತಪ್ಪಿದ್ದರೆ ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ. ಓದುಗನಿಗೆ ಮಾತ್ರ ವರ್ಡ್‌ಪ್ರೆಸ್ ಈ ಯಾವ ಭೇದವನ್ನೂ ತೋರಿಸದೆ, ಡೇಟಾಬೇಸಿನ ಸಂಪರ್ಕ ಸಿಗಲಿಲ್ಲ ಎಂಬ ಒಂದೇ ಬಿಳಿ ಪುಟ ತೋರಿಸುತ್ತದೆ. ನಿಜವಾದ ಉತ್ತರ ಹುಡುಕಬೇಕಾದ್ದು ಸರ್ವರಿನ ಲಾಗ್ ಫೈಲಿನಲ್ಲಿ.

ಖಾಲಿ ಡೇಟಾಬೇಸ್ ಮಾಡುವಾಗಲೇ ಅದು ಯಾವ ಲಿಪಿವ್ಯವಸ್ಥೆಯಲ್ಲಿ ಅಕ್ಷರಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಬೇಕು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು ಓದದೆ ದಾಟಿಬಿಡುವ ಸಾಲು. ಕನ್ನಡದವರಿಗೆ ಹಾಗಲ್ಲ, ಸ್ವಲ್ಪ ನಿಧಾನಿಸಬೇಕು.

ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟು ಬೇಕು. ‘ಕ’ ಎಂಬುದು 224, 178, 149 ಎಂಬ ಮೂರು ಸಂಖ್ಯೆಗಳು. ಯುನಿಕೋಡ್‌ನ ಕನ್ನಡ ವಿಭಾಗದ ಯಾವ ಸಂಕೇತ ತೆಗೆದುಕೊಂಡರೂ ಮೊದಲ ಸಂಖ್ಯೆ 224, ಎರಡನೆಯದು 178 ಅಥವಾ 179. ಇನ್ನು ಮೈಎಸ್‌ಕ್ಯುಎಲ್. ಸ್ವೀಡನ್ನಿನ ಕೂಸಾದ್ದರಿಂದ ಬೇರೆ ಹೇಳದಿದ್ದರೆ ಎಲ್ಲ ಅಕ್ಷರವನ್ನೂ ಅದು ಲ್ಯಾಟಿನ್-1 ಎಂದೇ ತಿಳಿಯುತ್ತಿತ್ತು, ಸ್ವೀಡಿಷ್ ವರ್ಣಮಾಲೆಯ ಕ್ರಮದಲ್ಲೇ ಜೋಡಿಸುತ್ತಿತ್ತು. 2018ರಲ್ಲಿ 8.0 ಆವೃತ್ತಿ ಬರುವವರೆಗೂ ಇದೇ ರೂಢಿ. ಲ್ಯಾಟಿನ್-1ರಲ್ಲಿ 224 ಎಂದರೆ ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರ. 178 ಎಂದರೆ ವರ್ಗ ಸೂಚಿಸಲು ಮೇಲ್ಗಡೆ ಬರೆಯುವ ಪುಟ್ಟ ಎರಡು, 179 ಎಂದರೆ ಪುಟ್ಟ ಮೂರು. ಹದಿನೈದಿಪ್ಪತ್ತು ವರ್ಷಗಳ ಹಿಂದೆ ಕನ್ನಡ ತಾಣಗಳನ್ನು ಓದುತ್ತಿದ್ದವರಿಗೆ ನೆನಪಿರಬಹುದು: ಪುಟದ ತುಂಬ ಅದೇ ಓರೆಗೆರೆಯ ಅಕ್ಷರ, ಅದೇ ಪುಟ್ಟ ಎರಡು ಮೂರು. ಅದು ಕನ್ನಡವೇ. ಓದುತ್ತಿದ್ದ ತಂತ್ರಾಂಶಕ್ಕೆ ಯಾರೋ ತಪ್ಪು ಲಿಪಿ ಹೇಳಿಕೊಟ್ಟಿದ್ದರು.

ಇದರಲ್ಲೊಂದು ವಿಚಿತ್ರ ಇದೆ. 2007ಕ್ಕಿಂತ ಹಿಂದಿನ ವರ್ಡ್‌ಪ್ರೆಸ್, ತಾನು ಕಳಿಸುತ್ತಿರುವುದು ಯಾವ ಲಿಪಿಯೆಂದು ಡೇಟಾಬೇಸಿಗೆ ತಿಳಿಸುತ್ತಲೇ ಇರಲಿಲ್ಲ. ಡೇಟಾಬೇಸ್ ಆ ಬೈಟುಗಳನ್ನು ಲ್ಯಾಟಿನ್ ಎಂದು ತಿಳಿದು ಇಟ್ಟುಕೊಂಡಿತು, ಲ್ಯಾಟಿನ್ ಎಂದೇ ವಾಪಸು ಕೊಟ್ಟಿತು. ಬ್ರೌಸರ್ ಅದೇ ಬೈಟುಗಳನ್ನು ಯುಟಿಎಫ್-8 ಎಂದು ಓದಿ ಚೆಂದದ ಕನ್ನಡ ತೋರಿಸಿತು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ವರ್ಷಗಟ್ಟಲೆ ತಾಣ ನಡೆಯಿತು. ಕೊನೆಗೊಂದು ದಿನ ಯಾರೋ ಪ್ರಾಮಾಣಿಕರು ಬಂದು ‘ನನ್ನ ಜೊತೆ ಯುಟಿಎಫ್-8ರಲ್ಲಿ ಮಾತಾಡು’ ಎಂದರು. ಡೇಟಾಬೇಸ್ ವಿಧೇಯವಾಗಿ, ತಾನು ಲ್ಯಾಟಿನ್ ಎಂದು ನಂಬಿದ್ದ ಒಂದೊಂದು ಬೈಟನ್ನೂ ಯುಟಿಎಫ್-8ಕ್ಕೆ ಅನುವಾದಿಸಿತು. ಮೂರು ಬೈಟಿನ ‘ಕ’ ಏಳು ಬೈಟಿನ ಕಸವಾಯಿತು.

ಇಂಥ ಕಸವನ್ನು ತಿರುಗಿಸಿ ಕನ್ನಡ ಮಾಡಬಹುದು. ಕಾಲಮ್ಮನ್ನು ಮೊದಲು ‘ಇದು ಅಕ್ಷರವೇ ಅಲ್ಲ, ಬರೀ ಬೈಟು’ ಎಂದು ಘೋಷಿಸಿ, ಆಮೇಲೆ ‘ಇದು ಯುಟಿಎಫ್-8’ ಎಂದರೆ ಒಳಗಿನ ಬೈಟು ಅಲುಗಾಡದೆ ಹಣೆಪಟ್ಟಿ ಮಾತ್ರ ಬದಲಾಗುತ್ತದೆ. ಆದರೆ ಪರದೆಯ ಮೇಲೆ ಕಸದ ಬದಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಕತೆ ಬೇರೆ. ನಿಜವಾದ ಲ್ಯಾಟಿನ್ ಕಾಲಮ್ಮಿಗೆ ನಿಜವಾದ ಕನ್ನಡ ಬಂದಾಗ, ಇಡಲು ಜಾಗವಿಲ್ಲದೆ ಡೇಟಾಬೇಸ್ ಪ್ರತಿ ಅಕ್ಷರದ ಬದಲು ಒಂದು ಪ್ರಶ್ನೆ ಚಿಹ್ನೆ ಬರೆದಿಟ್ಟಿದೆ ಎಂದರ್ಥ. ಮೂಲ ಬೈಟುಗಳು ಹೋದವು. ಹಳೆಯ ಬ್ಯಾಕಪ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಬರೆಯಬೇಕಾದ ಹೆಸರು ಯುಟಿಎಫ್8ಎಂಬಿ4. ಮೈಎಸ್‌ಕ್ಯುಎಲ್‌ನಲ್ಲಿ ಬರಿಯ ‘ಯುಟಿಎಫ್8’ ಎಂದರೆ ಮೂರು ಬೈಟಿನವರೆಗೆ ಮಾತ್ರ. ಕನ್ನಡಕ್ಕೆ ಅಷ್ಟು ಸಾಕಾಗುತ್ತದೆ, ಆದರೆ ಲೇಖನದ ನಡುವೆ ಯಾರಾದರೂ ಒಂದು ಇಮೋಜಿ ಹಾಕಿದರೆ ಅದಕ್ಕೆ ನಾಲ್ಕು ಬೈಟು ಬೇಕು. ಸಡಿಲ ನಿಯಮದಲ್ಲಿ ನಡೆಯುವ ಹಳೆಯ ಡೇಟಾಬೇಸುಗಳು ಆ ಇಮೋಜಿಯಿಂದ ಮುಂದಿನ ಬರಹವನ್ನೆಲ್ಲ ಕತ್ತರಿಸಿ ಬಿಸಾಡುತ್ತಿದ್ದವು. 2015ರಲ್ಲಿ ವರ್ಡ್‌ಪ್ರೆಸ್ 4.2 ಆವೃತ್ತಿ ಯುಟಿಎಫ್8ಎಂಬಿ4ಕ್ಕೆ ಹಾರಿತು. ಇಮೋಜಿಯ ಗೊಡವೆ ನಮಗೇಕೆ ಎನ್ನುವ ಗಂಭೀರ ಸಂಪಾದಕರಿಗೂ ಒಂದು ಮಾತಿದೆ. 2024ರಲ್ಲಿ ಯುನಿಕೋಡ್ 16.0 ಸೇರಿಸಿಕೊಂಡ ತುಳು-ತಿಗಳಾರಿ ಲಿಪಿಯ ಅಕ್ಷರಗಳೂ ನಾಲ್ಕು ಬೈಟಿನವೇ. ಕರಾವಳಿಯ ಓಲೆಗರಿಗಳನ್ನು ಅವುಗಳದೇ ಲಿಪಿಯಲ್ಲಿ ಜಾಲಕ್ಕೆ ಏರಿಸಬೇಕೆನ್ನುವವರು ಹಳೆಯ ‘ಯುಟಿಎಫ್8’ ಡೇಟಾಬೇಸ್ ಇಟ್ಟುಕೊಂಡು ಕೂತರೆ ಆಗದು.

ಬೈಟುಗಳ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ, ಪುಟದ ವಿಳಾಸದಲ್ಲಿ ಮತ್ತೆ ಬರುತ್ತದೆ. ವರ್ಡ್‌ಪ್ರೆಸ್ ಲೇಖನದ ತಲೆಬರಹದಿಂದಲೇ ವಿಳಾಸ ತಯಾರಿಸುತ್ತದೆ. ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಬೈಟನ್ನೂ ಶೇಕಡ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಬರೆಯಬೇಕು. ಮೂರು ಬೈಟಿಗೆ ಒಂಬತ್ತು ಸ್ಥಾನ. ವರ್ಡ್‌ಪ್ರೆಸ್ ಇದಕ್ಕೆ ಕೊಟ್ಟಿರುವ ಜಾಗ 200 ಸ್ಥಾನಗಳು. ಇಂಗ್ಲಿಷಿಗೆ 200 ಅಕ್ಷರ ಸಿಕ್ಕರೆ ಕನ್ನಡಕ್ಕೆ 22 ಸಂಕೇತ, ಅದರಲ್ಲಿ ಗುಣಿತ, ಒತ್ತುಗಳೂ ಬಿಡಿಬಿಡಿಯಾಗಿ ಎಣಿಕೆಯಾಗುತ್ತವೆ. ‘ಮಲೆನಾಡಿನ ಮಳೆಗಾಲದ ಅಡುಗೆಗಳು’ ಎಂಬ ಸಾಮಾನ್ಯ ತಲೆಬರಹಕ್ಕೆ 23 ಸಂಕೇತ, ಎರಡು ಅಡ್ಡಗೆರೆ, ಒಟ್ಟು 209 ಸ್ಥಾನ ಬೇಕು. ಕೊನೆಯ ಉಕಾರ ಉದುರಿ ‘ಅಡುಗೆಗಳ’ ಎಂದು ವಿಳಾಸ ಮೊಟಕಾಗುತ್ತದೆ. ಕನ್ನಡ ತಾಣಗಳ ವಿಳಾಸಗಳು ಪದದ ನಡುವೆಯೇ ತುಂಡಾಗಿರುವುದಕ್ಕೆ ಕಾರಣ ಬರೆದವರ ಅವಸರ ಅಲ್ಲ. ಪ್ರಕಟಿಸುವ ಮುನ್ನ ವಿಳಾಸವನ್ನು ಕೈಯಾರೆ ಚಿಕ್ಕದು ಮಾಡಿಕೊಳ್ಳುವುದೇ ಇದಕ್ಕಿರುವ ಸುಲಭ ದಾರಿ.

ಆ ವಿಳಾಸಕ್ಕೆ ಸರಿಹೊಂದುವ ಫೈಲು ಯಾವುದೂ ಡಿಸ್ಕಿನಲ್ಲಿ ಇಲ್ಲ ಎಂದು ಮೊದಲೇ ನೋಡಿದೆವು. ‘ಇಲ್ಲದ ಫೈಲನ್ನು ಯಾರು ಕೇಳಿದರೂ ಇಂಡೆಕ್ಸ್ ಫೈಲಿಗೆ ಒಪ್ಪಿಸು’ ಎಂದು ಅಪಾಚೆಗೆ ಹೇಳುವ ನಿಯಮಗಳನ್ನು ವರ್ಡ್‌ಪ್ರೆಸ್ ಎಚ್‌ಟಿ-ಆಕ್ಸೆಸ್ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಡೆಬಿಯನ್ನಿನ ಅಪಾಚೆ ಇಂಥ ಫೈಲುಗಳ ಮಾತು ಕೇಳಬಾರದೆಂಬ ಸೂಚನೆಯೊಂದಿಗೇ ಬರುತ್ತದೆ. ಮುಖಪುಟ ತೆರೆಯುತ್ತದೆ, ಒಳಪುಟ ಯಾವುದನ್ನು ಒತ್ತಿದರೂ ‘ಸಿಗಲಿಲ್ಲ’ ಎನ್ನುತ್ತದೆ. ಅಪಾಚೆಯ ಸೆಟ್ಟಿಂಗಿನಲ್ಲಿ ಒಂದು ಪದ ಬದಲಿಸಿದರೆ ಸರಿಹೋಗುವ ತೊಂದರೆ. ಅಪಾಚೆಯ ಬದಲು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಳಸುವವರಿಗೆ ಈ ಫೈಲೇ ಇಲ್ಲ, ಅದೇ ನಿಯಮವನ್ನು ಅವರು ನೇರವಾಗಿ ಸರ್ವರಿನ ಸೆಟ್ಟಿಂಗಿನಲ್ಲಿ ಬರೆಯುತ್ತಾರೆ.

ಫೈಲುಗಳ ಒಡೆತನಕ್ಕೆ ಬರೋಣ. ಎಷ್ಟೋ ತಾಣಗಳು ಹಾಳಾಗುವ ಜಾಗ ಇದು.

ಲಿನಕ್ಸಿನ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು. ಉಳಿದವರೆಲ್ಲ ಹೊರಗಿನವರು. ಈ ಮೂರು ವರ್ಗಕ್ಕೂ ಬೇರೆ ಬೇರೆಯಾಗಿ ಓದುವ, ಬರೆಯುವ, ನಡೆಸುವ ಹಕ್ಕು ಕೊಡಬಹುದು. ಓದಲು 4, ಬರೆಯಲು 2, ನಡೆಸಲು 1 ಎಂದು ಎಣಿಸಿ ಕೂಡಿಸಿದರೆ ವರ್ಗಕ್ಕೊಂದು ಅಂಕಿ. ಫೈಲಿಗೆ 644 ಎಂದರೆ ಒಡೆಯ ಓದಿ ಬರೆಯಲಿ, ಮಿಕ್ಕವರು ಓದಲಿ. ಫೋಲ್ಡರಿನಲ್ಲಿ ‘ನಡೆಸುವ’ ಹಕ್ಕೆಂದರೆ ಒಳಗೆ ಹೊಗುವ ಹಕ್ಕು, ಆದ್ದರಿಂದ ಅದಕ್ಕೆ 755.

ನೀವು ನಿಮ್ಮ ಹೆಸರಿನಲ್ಲಿ ಸರ್ವರಿಗೆ ಲಾಗಿನ್ ಆಗಿ ವರ್ಡ್‌ಪ್ರೆಸ್ ಗಂಟನ್ನು ಬಿಚ್ಚಿದಿರಿ ಎನ್ನಿ. ಫೈಲುಗಳ ಒಡೆಯರು ನೀವು, ಅವುಗಳನ್ನು ನಡೆಸುವವನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ತಾಣ ಸೊಗಸಾಗಿ ತೆರೆಯುತ್ತದೆ, ಏಕೆಂದರೆ ಓದಲು ಅವನಿಗೆ ಹಕ್ಕಿದೆ. ಆಮೇಲೆ ಒಂದು ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯದ ತುಣುಕು, ಹಾಕಲು ಹೋಗುತ್ತೀರಿ. ವರ್ಡ್‌ಪ್ರೆಸ್ ಗುಟ್ಟಾಗಿ ಒಂದು ತಾತ್ಕಾಲಿಕ ಫೈಲು ಸೃಷ್ಟಿಸಲು ನೋಡುತ್ತದೆ, ಸೃಷ್ಟಿಯಾದರೆ ಅದರ ಒಡೆಯನೂ ತನ್ನ ಫೈಲುಗಳ ಒಡೆಯನೂ ಒಬ್ಬನೇ ಹೌದೋ ಅಲ್ಲವೋ ಎಂದು ತಾಳೆ ನೋಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ, ಫೈಲು ಸಾಗಿಸುವ ಎಫ್‌ಟಿಪಿ ಸೇವೆಯ ಹೆಸರು, ಪಾಸ್‌ವರ್ಡ್ ಕೊಡಿ ಎಂದು ಕೇಳುತ್ತದೆ. ಸರ್ವರಿನಲ್ಲಿ ಎಫ್‌ಟಿಪಿಯೇ ಇಲ್ಲ! ಅಪ್ಪಣೆ ಸಾಲದು ಎಂಬ ಸರಳ ಮಾತನ್ನು ಇಷ್ಟು ಸುತ್ತಿಬಳಸಿ ಹೇಳಿದ್ದಕ್ಕೆ ವರ್ಡ್‌ಪ್ರೆಸ್ ಬರೆದವರನ್ನು ದೂರಲೇಬೇಕು. ದಿಕ್ಕು ತೋಚದ ಮನುಷ್ಯ ಅಲ್ಲಿ ಇಲ್ಲಿ ಹುಡುಕಿ, ಯಾರೋ ಬರೆದ ಸಲಹೆಯಂತೆ ಚ್‌ಮಾಡ್ ಕಮಾಂಡಿನಿಂದ ಇಡೀ ಫೋಲ್ಡರಿಗೆ 777 ಹಾಕುತ್ತಾನೆ. ಎಲ್ಲರಿಗೂ ಎಲ್ಲ ಹಕ್ಕು. ಇನ್ನು ಬೇಡವೆನ್ನುವವರಿಲ್ಲ ಎಂಬ ನೆಮ್ಮದಿ.

ಈ ನೆಮ್ಮದಿಯ ಬೆಲೆ 2011ರಲ್ಲಿ ಲೋಕಕ್ಕೆ ಗೊತ್ತಾಯಿತು. ಟಿಮ್‌ಥಂಬ್ ಎಂಬ ಸಣ್ಣ ಪಿಎಚ್‌ಪಿ ಫೈಲು ಆಗ ತಾಣಕ್ಕೆ ಉಡುಪು ತೊಡಿಸುವ ಅಸಂಖ್ಯ ಥೀಮುಗಳ ಜೊತೆ ಬರುತ್ತಿತ್ತು. ಚಿತ್ರಗಳ ಗಾತ್ರ ಕುಗ್ಗಿಸುವುದು ಅದರ ಕಸುಬು. ಫ್ಲಿಕರ್, ಬ್ಲಾಗರ್‌ನಂಥ ನಂಬಿಕಸ್ಥ ತಾಣಗಳ ಚಿತ್ರಗಳನ್ನೂ ಅದು ತರಿಸಿಕೊಂಡು ಕ್ಯಾಶ್ ಫೋಲ್ಡರಿನಲ್ಲಿ ಇಡುತ್ತಿತ್ತು. ಆದರೆ ನಂಬಿಕಸ್ಥ ಹೆಸರು ವಿಳಾಸದಲ್ಲಿ ಎಲ್ಲೋ ಒಂದು ಕಡೆ ಇದ್ದರೆ ಅದಕ್ಕೆ ಸಾಕಿತ್ತು. ಕಳ್ಳರು ಬ್ಲಾಗರ್ ಹೆಸರನ್ನು ಮುಂದಿಟ್ಟು ಹಿಂದೆ ತಮ್ಮ ಡೊಮೇನ್ ಅಂಟಿಸಿ, ಚಿತ್ರದ ಬದಲು ಪಿಎಚ್‌ಪಿ ಫೈಲು ಕೊಟ್ಟರು. ಟಿಮ್‌ಥಂಬ್ ಅದನ್ನು ಭಕ್ತಿಯಿಂದ ತಂದು, ಹೊರಗಿನಿಂದ ವಿಳಾಸ ಒತ್ತಿ ತೆರೆಯಬಹುದಾದ ಫೋಲ್ಡರಿನಲ್ಲೇ ಇಟ್ಟಿತು. ವಿಳಾಸ ಒತ್ತಿದ್ದೇ ತಡ, ಕಳ್ಳನ ಕೋಡು ಸರ್ವರಿನಲ್ಲಿ ಓಡಿತು. ತನ್ನ ತಾಣಕ್ಕೇ ಕನ್ನ ಬಿದ್ದದ್ದರಿಂದ ಜಾಡು ಹಿಡಿದು ಹೋಗಿ ಇದನ್ನು ಬಯಲಿಗೆಳೆದವನು ಮಾರ್ಕ್ ಮಾಂಡರ್.

ಇಲ್ಲಿ ಕೂಡಿಬಂದದ್ದು ಎರಡು ಹಕ್ಕುಗಳು: ಫೋಲ್ಡರಿನಲ್ಲಿ ಬರೆಯುವುದು, ಬರೆದದ್ದನ್ನು ನಡೆಸುವುದು. ಯಾವುದಾದರೂ ಒಂದು ತಪ್ಪಿದ್ದರೂ ಕಳ್ಳ ಬರಿಗೈಲಿ ಹೋಗುತ್ತಿದ್ದ. ಚಿತ್ರಗಳನ್ನು ಇಡುವ ಅಪ್‌ಲೋಡ್ಸ್ ಫೋಲ್ಡರಿಗೆ ವೆಬ್ ಸರ್ವರ್ ಬರೆಯಲೇಬೇಕು, ಬೇರೆ ದಾರಿಯಿಲ್ಲ. ಹಾಗಿದ್ದಮೇಲೆ ಆ ಫೋಲ್ಡರಿನಲ್ಲಿರುವ ಪಿಎಚ್‌ಪಿಯನ್ನು ಎಂದೂ ನಡೆಸಬಾರದು ಎಂದು ಅಪಾಚೆಗೆ ನಾಲ್ಕು ಸಾಲಿನ ನಿಯಮ ಬರೆದುಬಿಡುವುದು ಜಾಣತನ. ಹತ್ತು ಸೆಕ್ಯುರಿಟಿ ಪ್ಲಗಿನ್ನುಗಳಿಗಿಂತ ಆ ನಾಲ್ಕು ಸಾಲಿನ ಮೇಲೆ ನನಗೆ ಹೆಚ್ಚು ಭರವಸೆ.

ರೆಡ್‌ಹ್ಯಾಟ್ ಕುಲದ ಲಿನಕ್ಸುಗಳಲ್ಲಿ ಬೇಡವೆನ್ನುವ ಇನ್ನೊಬ್ಬನಿದ್ದಾನೆ. ಅಮೆರಿಕದ ಗೂಢಚರ್ಯೆ ಸಂಸ್ಥೆ ಎನ್‌ಎಸ್‌ಎ 2000ದಲ್ಲಿ ಹೊರತಂದ ಎಸ್‌ಇಲಿನಕ್ಸ್. ಒಡೆಯ ಸರಿ, ಅಂಕಿ ಸರಿ, ಆದರೂ ಬರೆಯಲು ಆಗುತ್ತಿಲ್ಲವೆಂದರೆ ಫೈಲಿಗೆ ಅಂಟಿಸಿರುವ ಅದರ ಲೇಬಲ್ ನೋಡಬೇಕು. ಹೆಚ್ಚಿನವರು ಅದನ್ನು ನೋಡುವ ಬದಲು ಎಸ್‌ಇಲಿನಕ್ಸನ್ನೇ ಆರಿಸಿಬಿಡುತ್ತಾರೆ. ಅದೂ ಒಂದು ಬಗೆಯ 777.

ಇಷ್ಟಾದ ಮೇಲೆ ಐದು ನಿಮಿಷದ ಪರದೆ. ತಾಣದ ಹೆಸರು, ಅಡ್ಮಿನ್ ಹೆಸರು, ಪಾಸ್‌ವರ್ಡ್ ತುಂಬಿ ಗುಂಡಿ ಒತ್ತಿದರೆ ಡೇಟಾಬೇಸಿನಲ್ಲಿ 12 ಟೇಬಲ್ಲುಗಳು ಮೂಡುತ್ತವೆ. ಲೇಖನಗಳಿಗೆ ಒಂದು, ಬಳಕೆದಾರರಿಗೆ ಒಂದು, ತಾಣದ ಹೆಸರಿನಿಂದ ಹಿಡಿದು ಸಕಲ ಸೆಟ್ಟಿಂಗುಗಳಿಗೆ ಒಂದು, ಹೀಗೆ. ಈ ಪರದೆಗೆ ಪಾಸ್‌ವರ್ಡ್ ಇಲ್ಲವೆಂಬುದನ್ನು ಗಮನಿಸಿ. ಇರಲು ಸಾಧ್ಯವೂ ಇಲ್ಲ, ಬಳಕೆದಾರರ ಪಟ್ಟಿಯೇ ಇನ್ನೂ ಹುಟ್ಟಿಲ್ಲವಲ್ಲ. ಮೊದಲು ಬಂದು ತುಂಬಿದವನೇ ತಾಣದ ಒಡೆಯ.

ಯಾರಿಗೂ ಗೊತ್ತಿಲ್ಲದ ಹೊಸ ತಾಣಕ್ಕೆ ಅಪರಿಚಿತರು ಹೇಗೆ ಬಂದಾರು? ದಾರಿ ತೋರಿಸುವುದು ಎಚ್‌ಟಿಟಿಪಿಎಸ್ ಬೀಗಕ್ಕಾಗಿ ನಾವು ಪಡೆಯುವ ಸರ್ಟಿಫಿಕೇಟು. 2011ರಲ್ಲಿ ಸರ್ಟಿಫಿಕೇಟು ಕೊಡುವ ಡಿಜಿನೋಟರ್ ಎಂಬ ಡಚ್ ಕಂಪನಿಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲೇ ನಕಲಿ ಸರ್ಟಿಫಿಕೇಟು ಮಾಡಿಕೊಂಡಿದ್ದರು. ಆ ಪೆಟ್ಟಿನ ನಂತರ, ಕೊಟ್ಟ ಸರ್ಟಿಫಿಕೇಟುಗಳನ್ನೆಲ್ಲ ಸಾರ್ವಜನಿಕ ದಾಖಲೆಯಲ್ಲಿ ಬರೆಯುವ ಪದ್ಧತಿ ಬಂತು. 2018ರಿಂದ ಕ್ರೋಮ್ ಅದನ್ನು ಕಡ್ಡಾಯ ಮಾಡಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರ ಕೊನೆಯಿಂದ ಪುಕ್ಕಟೆಯಾಗಿ ಹಂಚುತ್ತಿರುವ ಸರ್ಟಿಫಿಕೇಟುಗಳಿಗೂ ಇದೇ ನಿಯಮ. ಒಳ್ಳೆಯ ಪದ್ಧತಿ, ಆದರೆ ಹೊಸ ಡೊಮೇನ್ ಎದ್ದು ನಿಂತ ಸುದ್ದಿಯನ್ನು ಅದು ಲೋಕಕ್ಕೆಲ್ಲ ಸಾರಿಬಿಡುತ್ತದೆ. ಆ ದಾಖಲೆಯನ್ನೇ ನೋಡುತ್ತ ಕೂತ ಪ್ರೋಗ್ರಾಮುಗಳಿವೆ. ಅರ್ಧಕ್ಕೆ ಬಿಟ್ಟ ಇನ್‌ಸ್ಟಾಲ್ ಕಂಡರೆ ಅವು ತಮ್ಮದೇ ಡೇಟಾಬೇಸಿನ ವಿಳಾಸ ತುಂಬಿ, ಅಡ್ಮಿನ್ ಆಗಿ, ಒಂದು ಪ್ಲಗಿನ್ ರೂಪದಲ್ಲಿ ತಮ್ಮ ಕೋಡು ಇಳಿಸಿ ಹೋಗುತ್ತವೆ. ಸರ್ಟಿಫಿಕೇಟು ಪಡೆದು, ಊಟ ಮುಗಿಸಿ ಬಂದು ಫಾರಂ ತುಂಬೋಣ ಎನ್ನುವುದು ಸಲ್ಲದು. ಡಬ್ಲ್ಯೂಪಿ-ಸಿಎಲ್‌ಐ ಎಂಬ ಸಾಧನದಿಂದ ಟರ್ಮಿನಲ್ಲಿನಲ್ಲೇ ಇನ್‌ಸ್ಟಾಲ್ ಮುಗಿಸಿದರೆ ಈ ಸಂದು ತೆರೆದುಕೊಳ್ಳುವುದೇ ಇಲ್ಲ.

ನಡೆಯಲು ಶುರುವಾದ ತಾಣವನ್ನು ನಿಲ್ಲಿಸುವುದು ಹೆಚ್ಚಾಗಿ ಕಳ್ಳರಲ್ಲ, ಮೆಮೊರಿ. ಪಿಎಚ್‌ಪಿಯನ್ನು ಒಡಲಲ್ಲಿಟ್ಟುಕೊಂಡ ಅಪಾಚೆಗೆ ಡೆಬಿಯನ್ ಕೊಡುವ ಮಿತಿ ಏಕಕಾಲಕ್ಕೆ 150 ಮರಿಗಳು. ಒಂದೊಂದು ಮರಿ 40 ಮೆಗಾಬೈಟ್ ತಿಂದರೂ 6 ಗಿಗಾಬೈಟ್ ಬೇಕು. ನಾವು ಕಡಿಮೆ ದುಡ್ಡಿಗೆ ಬಾಡಿಗೆ ಹಿಡಿದ ಸರ್ವರಿನಲ್ಲಿರುವುದು 1 ಗಿಗಾಬೈಟ್. ಒಂದು ಲೇಖನ ವಾಟ್ಸ್‌ಆಪ್ ಗುಂಪುಗಳಲ್ಲಿ ಹಬ್ಬಿದ ಸಂಜೆ ಓದುಗರು ನುಗ್ಗುತ್ತಾರೆ, ಮರಿಗಳು ಹೆಚ್ಚುತ್ತವೆ, ಮೆಮೊರಿ ಬರಿದಾಗುತ್ತದೆ. ಇರುವುದಕ್ಕಿಂತ ಹೆಚ್ಚು ಮೆಮೊರಿಯ ಭರವಸೆ ಕೊಡುವುದು ಲಿನಕ್ಸಿನ ಚಾಳಿ. ಭರವಸೆ ಈಡೇರಿಸಲಾಗದಾಗ ಅದು ಯಾವುದಾದರೊಂದು ಪ್ರೋಸೆಸ್ಸನ್ನು ಕೊಲ್ಲುತ್ತದೆ, ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದಿರುವುದನ್ನು. ಅದು ತಪ್ಪು ಮಾಡಿದ ಅಪಾಚೆಯ ಮರಿಯಾಗಿರುವುದು ಕಡಿಮೆ, ಹೆಚ್ಚಾಗಿ ಪಾಪದ ಡೇಟಾಬೇಸ್. ಓದುಗನಿಗೆ ಕಾಣುವುದು ಹಳೆಯ ಅದೇ ಬಿಳಿ ಪುಟ. ಪಾಸ್‌ವರ್ಡ್ ಸರಿಯಿದೆಯೇ ಎಂದು ಗಂಟೆಗಟ್ಟಲೆ ತಡಕಾಡುವವರು 150ನ್ನು 15 ಮಾಡಿ ನೋಡಬಹುದು.

ಉಳಿದದ್ದು ಒಂದು ತಕರಾರು, ಪರಿಣತರ ನಡುವೆಯೂ ಇನ್ನೂ ಬಗೆಹರಿಯದ್ದು. ವರ್ಡ್‌ಪ್ರೆಸ್ 2013ರಿಂದ ಸಣ್ಣ ತಿದ್ದುಪಡಿಗಳನ್ನು ತಾನೇ ತರಿಸಿ ಹಾಕಿಕೊಳ್ಳಬಲ್ಲದು. ಅದಕ್ಕೆ ತನ್ನ ಕೋಡನ್ನು ತಾನೇ ಬರೆಯುವ ಹಕ್ಕು ಬೇಕು. ಆ ಹಕ್ಕು ಇದ್ದರೆ ಕಳ್ಳನೂ ಬರೆಯಬಲ್ಲ. ಕಿತ್ತುಕೊಂಡರೆ ತಿದ್ದುಪಡಿಗಳು ನಿಲ್ಲುತ್ತವೆ.

ನಿಂತರೆ ಏನಾಗುತ್ತದೆ ನೋಡಿ. 2017ರ ಜನವರಿಯಲ್ಲಿ ಸುಕುರಿ ಎಂಬ ಸೆಕ್ಯುರಿಟಿ ಕಂಪನಿಯ ಸಂಶೋಧಕರೊಬ್ಬರು ವರ್ಡ್‌ಪ್ರೆಸ್ 4.7 ಆವೃತ್ತಿಯಲ್ಲಿ ಒಂದು ದೋಷ ಕಂಡರು. ‘123ನೇ ಲೇಖನ ತಿದ್ದಬೇಕು’ ಎಂದು ಕೇಳಿದರೆ ವರ್ಡ್‌ಪ್ರೆಸ್ ಅಪ್ಪಣೆ ಇದೆಯೇ ಎಂದು ಪರೀಕ್ಷಿಸುತ್ತಿತ್ತು. ‘123’ರ ಹಿಂದೆ ಒಂದೆರಡು ರೋಮನ್ ಅಕ್ಷರ ಅಂಟಿಸಿ ಕೇಳಿದರೆ, ಪರೀಕ್ಷಿಸುವ ಸಾಲು ‘ಅಂಥ ಲೇಖನವೇ ಇಲ್ಲ, ಇಲ್ಲದ್ದಕ್ಕೆ ಅಪ್ಪಣೆ ಯಾಕೆ’ ಎಂದು ಮುಂದೆ ಬಿಡುತ್ತಿತ್ತು. ತಿದ್ದುವ ಸಾಲು ಆ ಅಕ್ಷರಗಳನ್ನು ಉದುರಿಸಿ 123ನೇ ಲೇಖನವನ್ನೇ ತಿದ್ದುತ್ತಿತ್ತು. ಪಾಸ್‌ವರ್ಡಿಲ್ಲದೆ ಯಾರು ಬೇಕಾದರೂ ಯಾವ ಲೇಖನವನ್ನಾದರೂ ತಿದ್ದಬಹುದಿತ್ತು. ಜನವರಿ 26ರಂದು 4.7.2 ಹೊರಬಿತ್ತು. ಈ ದೋಷದ ಸುದ್ದಿಯನ್ನು ಬೇಕೆಂದೇ ಒಂದು ವಾರ ಮುಚ್ಚಿಟ್ಟು, ತಾವೇ ತಿದ್ದಿಕೊಳ್ಳಬಲ್ಲ ತಾಣಗಳಿಗೆ ಸಮಯ ಕೊಟ್ಟರು. ಸುದ್ದಿ ಹೊರಬಂದ ಕೆಲವೇ ದಿನಗಳಲ್ಲಿ, ತಿದ್ದಿಕೊಳ್ಳದೆ ಉಳಿದ ತಾಣಗಳಲ್ಲಿ ಲಕ್ಷಗಟ್ಟಲೆ ಪುಟಗಳು ಹಾಳಾದವು.

ದಿನವೂ ಸರ್ವರಿನ ಲಾಗ್ ನೋಡುವ ಆಡಳಿತಗಾರರಿರುವ ಕಚೇರಿಯಾದರೆ ಫೈಲುಗಳಿಗೆ ಬೀಗ ಹಾಕಿ, ತಿದ್ದುಪಡಿ ಬಂದ ದಿನವೇ ಟರ್ಮಿನಲ್ಲಿನಿಂದ ಹಾಕಿಸಿಕೊಳ್ಳಲಿ. ಊರಿನ ಕತೆ ಕವಿತೆಗಳಿಗಾಗಿ ಒಬ್ಬರೇ ನಡೆಸುವ, ವಾರಕ್ಕೊಮ್ಮೆ ತೆರೆದು ನೋಡುವ ತಾಣವಾದರೆ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಮಾಡಿ, ಡೇಟಾಬೇಸ್ ಮತ್ತು ಫೈಲು ಎರಡರ ಬ್ಯಾಕಪ್ಪನ್ನೂ ಬೇರೊಂದು ಯಂತ್ರಕ್ಕೆ ರಾತ್ರಿರಾತ್ರಿ ಕಳಿಸುವ ಏರ್ಪಾಡು ಮಾಡಿ, ತಿದ್ದಿಕೊಳ್ಳುವ ಅಪ್ಪಣೆಯನ್ನು ವರ್ಡ್‌ಪ್ರೆಸ್ಸಿಗೇ ಕೊಡುವುದು ಒಳ್ಳೆಯದು.